ಸೈಕಲ್ಲಿನ ಅಡಿಯ ತೂತು

"ಬುದ್ಧಿ, ದುಃಖ ಒಳಗೆ ಬಾರದಂತೆ ಮನಸ್ಸನ್ನು ಮುಚ್ಚಿಕೊಳ್ಳುವುದು ಹೇಗೆ?"

ಗುರುಗಳನ್ನು ಹೀಗೆ ಕೇಳಿದವನು ಮಠದ ಶಿಷ್ಯ ಚನ್ನವೀರ. ತಾಯಿ ತೀರಿಕೊಂಡಾಗ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅದನ್ನು ಸಾಧನೆಯೆಂದೇ ತಿಳಿದಿದ್ದ. ಈಗ ತಂಗಿ ಹೆತ್ತಿದ್ದಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅಣ್ಣ ಬರಲೇಬೇಕೆಂದು ಹೇಳಿ ಕಳಿಸಿದ್ದಳು. ಹೋದರೆ ಮನಸ್ಸು ಅಂಟಿಕೊಳ್ಳುತ್ತದೆ, ಅಂಟಿಕೊಂಡರೆ ನೋವು ತಪ್ಪದು ಎಂದು ಅವನು ಹೊರಡದೆ ಕುಳಿತಿದ್ದ.

ಗುರುಗಳು ನಕ್ಕರು. ಮುಚ್ಚುವುದರಲ್ಲಿ ನಿನ್ನನ್ನೂ ಮೀರಿಸಿದ ಹೂವಾಡಿಗನೊಬ್ಬನಿದ್ದ, ಅವನ ಕತೆ ಕೇಳು ಎಂದು ಹೇಳತೊಡಗಿದರು.

ಆ ಹೂವಾಡಿಗ ಒಂದು ಉಕ್ಕಿನ ಸೈಕಲ್ಲು ಕೊಂಡ. ಬೆಳಿಗ್ಗೆ ಹೆಂಡತಿ ಹಿಂದೆ ಕುಳಿತು, ನೀರು ಚಿಮುಕಿಸಿದ ಹೂವಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಇಬ್ಬರೂ ಹರಟುತ್ತ ಪೇಟೆ ಸೇರುತ್ತಿದ್ದರು. ದಿನದಲ್ಲಿ ಆ ದಾರಿಯಷ್ಟು ಸುಖ ಅವರಿಗೆ ಬೇರೆ ಇರಲಿಲ್ಲ.

ಉಕ್ಕಿಗೆ ತುಕ್ಕೇ ಶತ್ರು, ನೀರು ತಾಗಿಸಬೇಡ ಎಂದು ಯಾರೋ ಹೇಳಿದರು. ಹೂವಾಡಿಗನ ನಿದ್ದೆ ಹಾರಿಹೋಯಿತು. ಸೈಕಲ್ಲನ್ನು ತಲೆಕೆಳಗು ಮಾಡಿ ಮೂಲೆಮೂಲೆ ತಡಕಿದ. ಪೆಡಲು ತಿರುಗುವ ಜಾಗದ ಅಡಿಯಲ್ಲಿ ಹೆಸರುಕಾಳಿನಷ್ಟು ಒಂದು ತೂತು ಕಂಡಿತು. ಮಾಡಿದವರು ಪಾಪ, ಮುಚ್ಚಲು ಮರೆತಿದ್ದಾರೆ ಎಂದುಕೊಂಡು ಅದಕ್ಕೆ ಮೇಣ ಒತ್ತಿದ. ಮೇಲೆಲ್ಲ ದಿನವೂ ಎಣ್ಣೆ ಬಟ್ಟೆಯಿಂದ ಒರೆಸಿದ. ಫ್ರೇಮು ಫಳಫಳ ಹೊಳೆಯಿತು.

ಬುಟ್ಟಿಯ ನೀರು ಮಾತ್ರ ಎಂದಿನಂತೆ ಸೀಟಿನ ಸಂದಿಯಲ್ಲಿ ಹನಿಹನಿಯಾಗಿ ಫ್ರೇಮಿನ ಕೊಳವೆಯೊಳಗೆ ಇಳಿಯುತ್ತಿತ್ತು. ಕೆಲವು ದಿನಗಳಲ್ಲಿ ಸೈಕಲ್ಲು ಗುಳುಗುಳು ಎನ್ನತೊಡಗಿತು. ಏನಪ್ಪಾ, ಸೈಕಲ್ಲಿಗೆ ಮಜ್ಜಿಗೆ ಕುಡಿಸಿದ್ದೀಯಾ ಎಂದು ಪೇಟೆಯವರು ಕಾಡಿದರು. ಆಮೇಲೆ ಬಣ್ಣ ಗುಳ್ಳೆಯೆದ್ದು ಕೆಳಗಿಂದ ಕಂದು ಕಲೆ ಕಾಣಿಸಿತು. ಇದೆಲ್ಲ ಒದ್ದೆ ಹೂವಿನ ಕೆಲಸ ಎಂದು ಹೂವಾಡಿಗ ತೀರ್ಮಾನಿಸಿದ. ಮರುದಿನದಿಂದ ಬುಟ್ಟಿ ಹೆಂಡತಿಯ ತಲೆಯ ಮೇಲೆ ಹೋಯಿತು. ಅವನು ಪಕ್ಕದಲ್ಲಿ ಬರೀ ಸೈಕಲ್ಲು ತಳ್ಳಿಕೊಂಡು ನಡೆದ. ಪೇಟೆ ಸೇರುವಷ್ಟರಲ್ಲಿ ಹೊತ್ತೇರಿ ಹೂವು ಬಾಡುತ್ತಿತ್ತು. ಇಬ್ಬರ ನಡುವೆ ಹರಟೆಯೂ ನಿಂತಿತು.

ಒಂದು ದಿನ ಅವಳಿಗೆ ಸಾಕಾಯಿತು. ದಾರಿಯಲ್ಲೇ ಬುಟ್ಟಿ ಇಳಿಸಿದಳು. ತೆಂಗಿನಕಾಯಿ ಅಲುಗಿಸಿ ನೀರಿದೆಯೇ ಎಂದು ನೋಡುವಂತೆ ಸೈಕಲ್ಲನ್ನು ಅಲುಗಿಸಿ ಕಿವಿಗೊಟ್ಟಳು. ಬಗ್ಗಿ ನೋಡಿದರೆ ಅಡಿಯಲ್ಲಿ ಮೇಣ. ಮುಡಿಯಿಂದ ಪಿನ್ನು ತೆಗೆದು ಚುಚ್ಚಿದಳು. ಕೆಂಪು ನೀರು ಸುರಿಯತೊಡಗಿತು. ಹೂವಾಡಿಗ ಗಾಬರಿಯಾಗಿ ತೂತಿಗೆ ಬೆರಳು ಅಡ್ಡ ಹಿಡಿದ. ಅವಳು ಅವನ ಕೈಯ ಮೇಲೆ ಒಂದು ಕೊಟ್ಟಳು.

"ಬೆರಳು ತೆಗೀರಿ. ಹೂವು ಹೊತ್ತ ಮೇಲೆ ನೀರು ಬರದೆ ಇರ್ತದಾ? ಅದು ಹೋಗೋ ದಾರಿ ಬಿಡಿ."

ನೀರೆಲ್ಲ ಸೋರಿತು. ಸೈಕಲ್ಲನ್ನು ಬಿಸಿಲಿಗೆ ಒಣಗಿಸಿ, ಸೀಟು ಕಿತ್ತು, ಕೊಳವೆಯ ಒಳಗೆ ಅಗಸೆ ಎಣ್ಣೆ ಬಿಟ್ಟು, ಆ ಕಡೆ ಈ ಕಡೆ ವಾಲಿಸಿದರು. ತುಕ್ಕು ಇನ್ನೂ ಉಕ್ಕನ್ನು ತಿಂದುಹಾಕಿರಲಿಲ್ಲ. ಮರುದಿನ ಅವಳು ಒದ್ದೆ ಬುಟ್ಟಿಯೊಂದಿಗೆ ಹಿಂದೆ ಹತ್ತಿ ಕುಳಿತಳು. ಸೈಕಲ್ಲಿನ ಅಡಿಯಿಂದ ದಾರಿಯುದ್ದಕ್ಕೂ ಹನಿ ಬಿತ್ತು. ಅದನ್ನು ನೋಡಿ ಇಬ್ಬರೂ ಪೇಟೆಯವರೆಗೆ ನಕ್ಕರು.

ಚನ್ನವೀರನಿಗೂ ನಗು ಬಂತು. ಆಮೇಲೆ ಆ ಸೈಕಲ್ಲಿಗೆ ತುಕ್ಕು ಹಿಡಿಯಲೇ ಇಲ್ಲವೇ ಎಂದು ಕೇಳಿದ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು. "ತಂಗಿಯ ಮಗುವನ್ನು ಎತ್ತಿಕೊಂಡಾಗ ತಾಯಿ ನೆನಪಾದರೆ, ಬೆರಳು ಅಡ್ಡ ಹಿಡಿಯಬೇಡ."