ಎರಡು ಗರಡಿಯ ಮಣ್ಣು

"ಗುರುಗಳೇ, ಎಲ್ಲರೂ ಒಪ್ಪಿದ ಮೇಲೂ ಮಾಡುವ ಕೆಲಸ ತಪ್ಪಾಗಿರಬಹುದೇ?" ಎಂದು ಮರುಳಯ್ಯ ಕೇಳಿದ.

ಮಠದ ಪಾಠಶಾಲೆಯನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಅಲ್ಲಿ ಬೋರಲಿಂಗನೆಂಬ ಹುಡುಗನಿಗೆ ಪಾಠ ಹತ್ತುತ್ತಿರಲಿಲ್ಲ. ಜೊತೆಯವರು ಗ್ರಂಥ ಓದುತ್ತಿದ್ದರೆ ಅವನು ಇನ್ನೂ ಕಾಗುಣಿತದಲ್ಲೇ ತಡವರಿಸುತ್ತಿದ್ದ. ಹೊಳೆಯಾಚೆಯ ಮಠದವರು ಅವನನ್ನು ತಮ್ಮ ಪಾಠಶಾಲೆಗೆ ಸೇರಿಸಿಕೊಳ್ಳಲು ಒಪ್ಪಿದ್ದರು. ಅವನ ತಾಯಿಯೂ ಒಪ್ಪಿದ್ದಳು. ಹುಡುಗನೂ ಹೂಂ ಅಂದಿದ್ದ. ಮರುದಿನ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಗಿತ್ತು.

"ನನ್ನ ಕೈಲಾದದ್ದೆಲ್ಲ ಮಾಡಿದ್ದೇನೆ," ಎಂದ ಮರುಳಯ್ಯ. "ಆ ಮಠದವರಿಗೆ ಹೇಳಿಕಳಿಸಿದೆ. ದಾರಿಗೆ ಬುತ್ತಿಯ ಏರ್ಪಾಡು ಮಾಡಿದೆ. ನಿನ್ನೆ ಇಲ್ಲಿಗೆ ಹೊಸ ಹುಡುಗನೊಬ್ಬ ಬಂದ, ಅವನ ವ್ಯವಸ್ಥೆಯನ್ನೂ ನೋಡಿದೆ. ಆದರೆ ನಿನ್ನೆಯಿಂದ ಬೋರಲಿಂಗ ಊಟ ಬಿಟ್ಟಿದ್ದಾನೆ. ಕೇಳಿದರೆ ಹಸಿವಿಲ್ಲ ಅನ್ನುತ್ತಾನೆ. ನನಗೂ ತುತ್ತು ಇಳಿಯುತ್ತಿಲ್ಲ. ನಾನು ಏನನ್ನು ಮರೆತಿದ್ದೇನೆ?"

"ಕೂತುಕೋ. ಅನ್ನ ಇಳಿಯದವನಿಗೆ ಕತೆಯಾದರೂ ಇಳಿಯುತ್ತದೆಯೋ ನೋಡೋಣ," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಎರಡು ಗರಡಿಗಳಿದ್ದವು. ಒಂದು ಕೋಟೆಯ ಪಕ್ಕ, ಇನ್ನೊಂದು ಕೆರೆಯ ಪಕ್ಕ. ಒಂದೊಂದಕ್ಕೂ ಕುಸ್ತಿ ಕಲಿಸುವ ಒಬ್ಬ ವಸ್ತಾದ. ಕೋಟೆ ಗರಡಿಯಲ್ಲಿ ಒಬ್ಬ ಹುಡುಗನಿದ್ದ. ಮೈಯಲ್ಲಿ ಬಲವಿತ್ತು. ಪಟ್ಟುಗಳೆಲ್ಲ ಗೊತ್ತಿದ್ದವು. ಆದರೆ ಎದುರಾಳಿ ಕೈ ಹಾಕಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿದವನನ್ನು ಕೆಡವಲು ಪೈಲ್ವಾನನೇ ಬೇಕೆ? ಚಿಕ್ಕವರೂ ಕೆಡವಿದರು. ಉಳಿದವರು ನಕ್ಕರು. ನಕ್ಕಷ್ಟೂ ಅವನ ಕಣ್ಣು ಬೇಗ ಬೇಗ ಮುಚ್ಚತೊಡಗಿತು.

ಕೋಟೆಯ ವಸ್ತಾದ ಕೆಟ್ಟವನಲ್ಲ. ತಾಳ್ಮೆ ಸ್ವಲ್ಪ ಕಡಿಮೆ, ಅಷ್ಟೆ. ಗದರಿ ನೋಡಿದ, ಮುದ್ದಿಸಿ ನೋಡಿದ. ಗುದ್ದಿ ಹಣ್ಣು ಮಾಡಲು ಆಗುತ್ತದೆಯೇ? ಕೊನೆಗೆ ಕೆರೆಯ ವಸ್ತಾದನ ಹತ್ತಿರ ಹೋಗಿ, "ನಿನ್ನ ಕೈಯಲ್ಲಾದರೂ ಇವನು ಕಲಿತಾನು," ಎಂದ. ಅವನು ಒಪ್ಪಿದ.

ಹುಡುಗನೊಬ್ಬ ಗರಡಿ ಬದಲಿಸಿದರೆ ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಬಿಡುವ ಗರಡಿಯ ಅಖಾಡದಿಂದ ಒಂದು ಹಿಡಿ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹುಡುಗನ ಜೊತೆ ಕಳಿಸುತ್ತಿದ್ದರು. ಅದನ್ನು ಅವನೇ ಹೊಸ ಗರಡಿಯ ಮಣ್ಣಿನಲ್ಲಿ ಬೆರೆಸಬೇಕು. ಹೊಸ ಗರಡಿಯಿಂದಲೂ ಒಂದು ಹಿಡಿ ಮಣ್ಣು ಹಳೆಯ ಗರಡಿಗೆ ಬರುತ್ತಿತ್ತು. ಅದನ್ನು ಹಳೆಯ ವಸ್ತಾದ ಬೆರೆಸಬೇಕು. ಹೋದವನಿಗೆ ಎರಡು ಕಡೆಯೂ ನೆಲ ಇರಲಿ ಎಂಬುದು ಹಿರಿಯರ ಎಣಿಕೆ.

ಹೊರಡುವ ದಿನ ಹುಡುಗನ ತಾಯಿ ಬಂದಳು. "ಅಲ್ಲೂ ಕಲೀಲಿಲ್ಲ ಅಂದ್ರೆ ನನ್ನ ಮಗ ಎಲ್ಲಿಗೆ ಬರಬೇಕು, ವಸ್ತಾದರೇ?" ಎಂದು ಕೇಳಿದಳು.

"ಒಳ್ಳೇ ಕೆಲಸಕ್ಕೆ ಹೊರಟಾಗ ಅಪಶಕುನ ನುಡೀಬೇಡ ತಾಯಿ," ಎಂದು ವಸ್ತಾದ ಅವಳ ಬಾಯಿ ಮುಚ್ಚಿಸಿದ. ಕೇಳಿದ್ದಕ್ಕೆ ಅವಳಿಗೆ ಉತ್ತರ ಸಿಗಲಿಲ್ಲ. ಅವಳು ಅದೇ ಅಳುಕಿನಲ್ಲಿ ಮನೆಗೆ ಹೋದಳು.

ಹುಡುಗ ಬಾಗಿಲು ದಾಟಿದ. ವಸ್ತಾದ ಉಸ್ಸಪ್ಪಾ ಎಂದು ಕೂತ. ಕೆರೆ ಗರಡಿಯಿಂದ ಬಂದ ಮಣ್ಣನ್ನು ನಾಳೆ ಬೆರೆಸಿದರಾಯಿತು ಎಂದು ಗೋಡೆಯ ಗೂಡಿನಲ್ಲಿಟ್ಟ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾಗಲು ಹೊರಟಿದ್ದು ಮಾತ್ರ ಬೇರೆಯವರ ಮನೆ.

ಕೆರೆಯ ವಸ್ತಾದ ನಿಧಾನಸ್ಥ. ಅವನ ಗರಡಿಯಲ್ಲಿ ಯಾರೂ ನಗಲಿಲ್ಲ. ಆದರೂ ಹುಡುಗ ಅಖಾಡಕ್ಕೆ ಇಳಿಯಲೇ ಇಲ್ಲ. ಮಣ್ಣಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದ. ದಿನಗಳು ಕಳೆದವು, ಗಂಟು ಬಿಚ್ಚಲಿಲ್ಲ. ಹುಡುಗನ ಮೈ ಇಳಿಯುತ್ತಾ ಬಂತು. ಇವನು ಅಲ್ಲಿಗೂ ಸಲ್ಲದವನು, ಇಲ್ಲಿಗೂ ಸಲ್ಲದವನು ಆಗಿಬಿಡುತ್ತಾನೆ ಎಂದು ವಸ್ತಾದನಿಗೆ ಭಯ ಹತ್ತಿತು. ಒಂದು ದಿನ ಪಕ್ಕದಲ್ಲಿ ಕೂತು, "ಯಾಕಪ್ಪಾ, ಮಣ್ಣು ಬೆರೆಸಲಿಲ್ಲ?" ಎಂದು ಕೇಳಿದ.

"ಹೊರಟ ದಿನ ಲಂಗೋಟಿ ಮರೆತು ಬಂದಿದ್ದೆ. ತರೋಕೆ ಅಂತ ತಿರುಗಿ ಹೋದೆ," ಎಂದ ಹುಡುಗ. "ನನ್ನ ಗೂಟದಲ್ಲಿ ಆಗಲೇ ಬೇರೆಯವನ ಲಂಗೋಟಿ ನೇತಾಡ್ತಿತ್ತು. ನಂದು ನೆಲದ ಮೇಲಿತ್ತು. ಈ ಒಂದು ಹಿಡಿ ಮಣ್ಣು ಬಿಟ್ರೆ ಆ ಗರಡಿಯಲ್ಲಿ ನಂದು ಅನ್ನೋದು ಏನೂ ಉಳಿದಿಲ್ಲ. ಇದನ್ನೂ ಇಲ್ಲಿ ಸುರಿದುಬಿಟ್ಟು, ಆಮೇಲೆ ಇಲ್ಲೂ ಬಿದ್ದೆ ಅಂದ್ರೆ?"

ಕೆರೆಯ ವಸ್ತಾದ ಎದ್ದು ನೇರ ಕೋಟೆ ಗರಡಿಗೆ ನಡೆದ. ತಾನು ಕಳಿಸಿದ ಗಂಟು ಗೂಡಿನಲ್ಲಿ, ಎಣ್ಣೆ ಬಟ್ಟಲಿನ ಹಿಂದೆ, ಕಟ್ಟಿದ ಹಾಗೇ ಇತ್ತು. ಅದನ್ನು ತೆಗೆದು ಅಲ್ಲಿನ ವಸ್ತಾದನ ಮುಂದಿಟ್ಟು, ಹುಡುಗ ಆಡಿದ್ದನ್ನು ಆಡಿದ ಹಾಗೇ ಹೇಳಿದ. ಕೋಟೆಯ ವಸ್ತಾದ ಗಂಟನ್ನು ನೋಡಿದ, ಗೂಟವನ್ನು ನೋಡಿದ. ನಾಚಿಕೆಯಿಂದ ಅವನ ತಲೆ ತಗ್ಗಿತು. ಹುಡುಗನನ್ನು ಒಳ್ಳೆಯ ಕಡೆಗೆ ಕಳಿಸಿದೆ ಅಂದುಕೊಂಡಿದ್ದ. ಮಾಡಿದ್ದು ಸಾಗಹಾಕುವ ಕೆಲಸ.

ಅವತ್ತೇ ಮಣ್ಣು ಬೆರೆಸಿದ. ಗೂಟದಲ್ಲಿದ್ದ ಬೇರೆಯವನ ಲಂಗೋಟಿ ತೆಗೆಸಿದ. ಕೈ ಕೂಡ ತೊಳೆಯದೆ ಕೆರೆ ಗರಡಿಗೆ ಬಂದು ಹುಡುಗನ ಎದುರು ನಿಂತ. "ನಿನ್ನ ಗೂಟ ಖಾಲಿ ಇದೆ ಕಣೋ. ಯಾವಾಗ ಬಂದರೂ ಅದು ನಿಂದೇ," ಎಂದ.

ಹುಡುಗ ಅವನ ಕೈಗೆ ಹತ್ತಿದ್ದ ಮಣ್ಣನ್ನು ನೋಡಿದ. ಆಮೇಲೆ ತನ್ನ ಗಂಟು ಬಿಚ್ಚಿದ, ಮಣ್ಣು ಬೆರೆಸಿದ, ಅಖಾಡಕ್ಕೆ ಇಳಿದ. ಅವತ್ತೂ ಬಿದ್ದ. ಆದರೆ ಬೀಳುವಾಗ ಕಣ್ಣು ತೆರೆದಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಅವನು ಕೋಟೆ ಗರಡಿಗೆ ತಿರುಗಿ ಬಂದನೇ?" ಎಂದು ಮರುಳಯ್ಯ ಕೇಳಿದ.

"ಇಲ್ಲ. ಬರಬಹುದು ಅಂತ ಗೊತ್ತಾದ ಮೇಲೆ ಬರುವ ಅಗತ್ಯ ಬೀಳಲಿಲ್ಲ."

ಮರುಳಯ್ಯ ಸಮಾಧಾನದಿಂದ ಏಳಲು ಹೋದ. ಗುರುಗಳು ಕೈಸನ್ನೆಯಿಂದ ಅವನನ್ನು ತಡೆದರು.

"ಅದಿರಲಿ ಮರುಳಯ್ಯ, ನಿನ್ನೆ ಬಂದ ಹೊಸ ಹುಡುಗನನ್ನು ಯಾರ ಚಾಪೆಯ ಮೇಲೆ ಮಲಗಿಸಿದೆ?"

ಮರುಳಯ್ಯ ಎದ್ದವನೇ ಬೋರಲಿಂಗನ ಚಾಪೆಯನ್ನು ಅವನಿಗೆ ಬಿಡಿಸಿಕೊಡಲು ಪಾಠಶಾಲೆಯತ್ತ ನಡೆದ.