ಅಪ್ಪುಗೆಯ ತರಬೇತಿ

ಕೆರೆಯಂಚಿನ ಬಿದಿರುಮೆಳೆಯೊಳಗೆ ಪ್ರಾಣಿಪಕ್ಷಿಗಳದ್ದೊಂದು ವಿದ್ಯಾಪೀಠವಿತ್ತು, ಮಕ್ಕಳೇ. ಒಳಗೆ ತಂಪು, ವಿಶಾಲ. ಬಾಗಿಲು ಮಾತ್ರ ಎರಡು ಬಿದಿರುಗಳ ನಡುವಿನ ಸಂದು. ಮೊಲ ನುಸುಳುತ್ತಿತ್ತು, ಮುಂಗುಸಿ ನುಸುಳುತ್ತಿತ್ತು, ಕುಲಪತಿ ನವಿಲು ಬಣ್ಣಯ್ಯನವರು ಗರಿ ಮುದುರಿಕೊಂಡು ಗಂಭೀರವಾಗಿ ನುಸುಳುತ್ತಿದ್ದರು. ಮುಳ್ಳುಹಂದಿ ಚೂಪಮ್ಮನಿಗೆ ಮಾತ್ರ ಆಗುತ್ತಿರಲಿಲ್ಲ. ತಲೆ ಒಳಗೆ ಹೋದರೆ ಮುಳ್ಳು ಹೊರಗೇ ಸಿಕ್ಕಿಕೊಳ್ಳುತ್ತಿತ್ತು.

ಹಾಗಾಗಿ ಅವಳು ಹೊರಗೆ ಬಿಸಿಲಲ್ಲಿ ಕೂತು ಪಾಠ ಕೇಳುತ್ತಿದ್ದಳು. ಪಾಠವೇನೋ ಕಿವಿಗೆ ಬೀಳುತ್ತಿತ್ತು, ಹಾಜರಿ ಬೀಳುತ್ತಿರಲಿಲ್ಲ. ಒಳಗೆ ಕೂತವರಿಗಷ್ಟೇ ಹಾಜರಿ. ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ. ಪರೀಕ್ಷೆಯೋ, ಹತ್ತಿರ ಬಂದಿತ್ತು.

"ಗೆರೆಯಪ್ಪನವರೇ, ಒಂದೇ ಒಂದು ಬಿದಿರು ಕಡಿಸಿದರೆ ನಾನೂ ಒಳಗೆ ಬರ್ತೀನಿ," ಎಂದು ಅವಳು ಕಚೇರಿಯ ಅಳಿಲನ್ನು ಮತ್ತೊಮ್ಮೆ ಕೇಳಿದಳು.

"ಅದು ನಮ್ಮ ಹಿರಿಯರು ನೆಟ್ಟ ಬಿದಿರಮ್ಮ, ಮುಟ್ಟೋ ಹಾಗಿಲ್ಲ. ನೀನೇ ಸ್ವಲ್ಪ ಮುಳ್ಳು ಕಡಿಮೆ ಮಾಡ್ಕೋಬಾರದಾ?" ಎಂದ ಗೆರೆಯಪ್ಪ, ಹಲಸಿನ ಬೀಜ ಕಡಿಯುತ್ತ. "ಅಂದ ಹಾಗೆ, ನಾಳೆ ದೊಡ್ಡ ತರಬೇತಿ ಇದೆ, 'ಎಲ್ಲರೂ ನಮ್ಮವರೇ' ಅಂತ. ಗುರುಗಳು, ವಿದ್ಯಾರ್ಥಿಗಳು ಎಲ್ಲ ಬರಲೇಬೇಕು. ನೀನಂತೂ ತಪ್ಪಿಸಬೇಡ. ನೀನೇ ಉದಾಹರಣೆ."

"ಬರೋದು ಯಾವ ದಾರಿಯಲ್ಲಿ?"

"ಅದನ್ನ ತರಬೇತಿಯಲ್ಲೇ ಕೇಳು. ಕೊನೆಗೆ ಪ್ರಶ್ನೆಗಳಿಗೆ ಸಮಯ ಇಟ್ಟಿದ್ದಾರೆ."

ಮರುದಿನ ಚೂಪಮ್ಮ ಬಂದು ನೋಡುತ್ತಾಳೆ, ಬಾಗಿಲ ಕಡೆಯ ಬಿದಿರಿನ ಸಾಲೇ ಇಲ್ಲ. ಹೆಗ್ಗಣಗಳು ಬುಡ ಸಮೇತ ಕಿತ್ತು ಪಕ್ಕಕ್ಕೆ ಒಟ್ಟಿದ್ದವು.

"ಮುಖ್ಯ ಅತಿಥಿ ಆನೆ ಸಾಹೇಬರು," ಎಂದ ಗೆರೆಯಪ್ಪ. "ಅಂಥವರನ್ನ ನುಸುಳಿ ಬನ್ನಿ ಅನ್ನೋಕಾಗುತ್ತಾ? ಸಂಜೆ ಎಲ್ಲ ಮತ್ತೆ ನೆಡಿಸ್ತೀವಿ."

"ಹಿರಿಯರು ನೆಟ್ಟಿದ್ದಲ್ವಾ?"

"ಹಿರಿಯರು ಇದ್ದಿದ್ದರೂ ಇದನ್ನೇ ಮಾಡ್ತಿದ್ದರು."

ಕೋಗಿಲೆ ಪ್ರಾರ್ಥನೆ ಹಾಡಿತು. ಆನೆ ಸಾಹೇಬರಿಗೆ ಹಾರ ಹಾಕಿದರು, ಅವರು ಅದನ್ನು ಅಲ್ಲೇ ತಿಂದರು. ಬಣ್ಣಯ್ಯನವರು ಗರಿ ಬಿಚ್ಚಿ ನಿಂತು, ಎಲ್ಲರನ್ನೂ ಒಳಗೊಳ್ಳುವುದು ಹೇಗೆಂದು ಹೊತ್ತು ನೆತ್ತಿಗೇರುವ ತನಕ ಹೇಳಿದರು. ಮೈ ಒಣಗಿ ನೀರಿಗೆ ಹೊರಟ ಕಪ್ಪೆಗಳನ್ನು ಗೆರೆಯಪ್ಪ ಗದರಿಸಿ ಕೂರಿಸಿದ.

"ಕೇಳಿದ್ದು ಸಾಕು, ಇನ್ನು ಮಾಡಿ ತೋರಿಸೋಣ," ಎಂದರು ಬಣ್ಣಯ್ಯನವರು. "ಎಲ್ಲರೂ ಪಕ್ಕದವರನ್ನು ಅಪ್ಪಿಕೊಳ್ಳಬೇಕು. ನಮ್ಮ ಚೂಪಮ್ಮನಿಂದ ನಾನೇ ಶುರು ಮಾಡ್ತೇನೆ."

ಚೂಪಮ್ಮ ಹಿಂದೆ ಸರಿದಳು. "ಬೇಡ ಸರ್. ಗಾಬರಿಯಾದರೆ ಮುಳ್ಳು ತಾನಾಗಿ ಏಳುತ್ತೆ. ನನಗೆ ಅಪ್ಪುಗೆ ಬೇಡ, ಬಾಗಿಲು..."

"ನೋಡಿದಿರಾ ಎಷ್ಟು ಸಂಕೋಚ? ಪಾಪ, ಇವಳನ್ನು ಇಲ್ಲಿವರೆಗೆ ಯಾರೂ ಪ್ರೀತಿಯಿಂದ ಮುಟ್ಟಿಲ್ಲ. ಎಲ್ಲಿ, ಒಂದು ಜೋರು ಚಪ್ಪಾಳೆ ಬರಲಿ."

ಚಪ್ಪಾಳೆ ಬಂತು. ಆನೆ ಸಾಹೇಬರು ಖುಷಿಯಿಂದ ಕಾಲು ಅಪ್ಪಳಿಸಿದರು. ನೆಲ ನಡುಗಿತು, ಚೂಪಮ್ಮನ ಮುಳ್ಳುಗಳೆಲ್ಲ ನೆಟ್ಟಗೆ ನಿಂತವು. ಅದೇ ಕ್ಷಣಕ್ಕೆ ಬಣ್ಣಯ್ಯನವರು ಎರಡೂ ರೆಕ್ಕೆ ಅಗಲಿಸಿ ಅವಳನ್ನು ತಬ್ಬಿಕೊಂಡರು.

ಬಣ್ಣಯ್ಯನವರ ಕೂಗಿಗೆ ಕೆರೆಯ ಆಚೆ ದಡದ ಕಾಗೆಗಳು ಹಾರಿಹೋದವು.

ವೈದ್ಯ ಮರಕುಟಿಗ ಬಂದು ನೋಡಿತು. "ಆಳಕ್ಕೆ ಇಳಿದಿವೆ. ಒಂದೊಂದಾಗಿ ಕೀಳಬೇಕು. ಅಲ್ಲಿವರೆಗೆ ರೆಕ್ಕೆ ಮಡಚೋ ಹಾಗಿಲ್ಲ, ಸ್ವಾಮಿ."

"ಮುಗೀತು ಕಣಮ್ಮ ನಿನ್ನ ಓದು," ಎಂದ ಗೆರೆಯಪ್ಪ. ಚೂಪಮ್ಮನಿಗೂ ಹಾಗೇ ಅನಿಸಿತು. ಹೊರಗೆ ಹೋಗಿ ತನ್ನ ಹಳೆಯ ಜಾಗದಲ್ಲೇ ಮುದುಡಿ ಕೂತಳು.

ಸಂಜೆಗೆ ಹೆಗ್ಗಣಗಳು ಬಿದಿರು ನೆಟ್ಟು ಮುಗಿಸಿದವು. ಮನೆಗೆ ಹೊರಟ ಬಣ್ಣಯ್ಯನವರು ಬಾಗಿಲಿಗೆ ಬಂದರು. ನೇರವಾಗಿ ನುಗ್ಗಿದರು, ಆಗಲಿಲ್ಲ. ಓರೆಯಾಗಿ ನುಸುಳಿ ನೋಡಿದರು, ಮುಳ್ಳು ತಗುಲಿ ಕಣ್ಣಲ್ಲಿ ನೀರು ಬಂತು.

"ಗೆರೆಯಪ್ಪ, ಈ ಬಾಗಿಲು ಇಷ್ಟು ಇಕ್ಕಟ್ಟು ಅಂತ ಯಾರೂ ನನಗೆ ಹೇಳಲೇ ಇಲ್ಲವಲ್ಲ?"

ಗೆರೆಯಪ್ಪ ಬಾಲ ಕೆರೆದುಕೊಂಡ. ಸಂದಿನಾಚೆ ಕೂತಿದ್ದ ಚೂಪಮ್ಮ ಬಣ್ಣಯ್ಯನವರನ್ನು ನೋಡಿದಳು. ಬಣ್ಣಯ್ಯನವರೂ ಅವಳನ್ನು ನೋಡಿದರು. ಆಮೇಲೆ ತಮ್ಮ ರೆಕ್ಕೆಯ ಮುಳ್ಳುಗಳನ್ನು ನೋಡಿಕೊಂಡರು.

"ಬಿದಿರು ಕೀಳಿಸು," ಎಂದರು. "ಮತ್ತೆ ನೆಡಿಸಬೇಡ."

ಮರುದಿನ ಬೆಳಿಗ್ಗೆ ಹೆಸರು ಕರೆದಾಗ ಚೂಪಮ್ಮ ಒಳಗೆ, ನೆರಳಿನಲ್ಲಿ ಕೂತಿದ್ದಳು. "ಹಾಜರ್, ಸರ್," ಎಂದಳು. ಪಕ್ಕದ ಮೊಲ ಅವಳಿಗಾಗಿ ಒಂದು ಮೊಳ ಆಚೆ ಸರಿದು ಕೂತಿತು. ಅಪ್ಪಿಕೊಳ್ಳಲು ಯಾರೂ ಬರಲಿಲ್ಲ.

ನೀತಿ: ಏನು ಬೇಕೆಂದು ಕೇಳದೆ ಅಪ್ಪಿಕೊಳ್ಳುವುದಕ್ಕಿಂತ, ಕೇಳಿ ಬಾಗಿಲು ತೆರೆಯುವುದು ಲೇಸು.