ಸ್ಟಿಕ್ಕರ್ ಹಿಂದಿನ ಕೆಂಪು ದೀಪ

ಶಿವಲಿಂಗಪ್ಪ ಕೊಂಡ ಹಳೇ ಕಾರು ಮತ್ತೆ ಮತ್ತೆ ಕುದಿದು ನಿಲ್ಲುತ್ತಿತ್ತು. ದೃಷ್ಟಿ ತಾಗಿದೆಯೆಂದು ಅವನು ಪ್ರತಿ ಸಲವೂ ಒಳಗನ್ನಡಿಗೆ ಹೊಸ ನಿಂಬೆಹಣ್ಣು ಕಟ್ಟುತ್ತಿದ್ದ. ಸ್ಟೀರಿಂಗ್ ಹಿಂದೆ ಹತ್ತಿಕೊಳ್ಳುವ ಕೆಂಪು ದೀಪ ಅಪಶಕುನವೆಂದು ಅದರ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿದ.

"ಮುಖ ಮುಚ್ಚಿದರೂ ಉರಿಯುತ್ತೀಯಲ್ಲ ಅಕ್ಕಾ! ನನ್ನ ಹಾಗೆ ಸುಮ್ಮನಿದ್ದರೆ ನಿನಗೂ ದಿನಾ ಊದಿನಕಡ್ಡಿ ಸಿಗುತ್ತಿತ್ತು" ಎಂದಿತು ಮೂರನೆಯ ನಿಂಬೆ.

"ಎಂಜಿನ್ ಸುಡುತ್ತಿದೆ ತಮ್ಮಾ. ನಾನೂ ಸುಮ್ಮನಾದರೆ ಹೇಳುವವರು ಯಾರು?" ಎಂದಿತು ದೀಪ.

ಘಾಟಿಯ ಏರಿನಲ್ಲಿ ಹೆಂಡತಿ ಗೌರಮ್ಮ ಕೂಗಿದಳು: "ರೀ, ನಿಲ್ಲಿಸಿ! ದೇವರ ಹಿಂದೆ ಏನೋ ಕೆಂಪಗಿದೆ."

ಸ್ಟಿಕ್ಕರ್ ಕಿತ್ತು ನೋಡಿ ಮೆಕ್ಯಾನಿಕ್ಕನನ್ನು ಕರೆಸಿದರು. "ಇನ್ನೊಂದು ತಿರುವು ಏರಿದ್ದರೆ ಎಂಜಿನ್ನೇ ಹೋಗುತ್ತಿತ್ತು" ಎಂದ ಅವನು, ಸೀಳಿಹೋಗಿದ್ದ ನೀರಿನ ಪೈಪು ಬದಲಿಸಿದ.

ಮರುದಿನ ಊದಿನಕಡ್ಡಿ ತನ್ನತ್ತ ಬಂದಾಗ, ಬಾಡಿದ ನಿಂಬೆ ದಾರದಲ್ಲೇ ಪಕ್ಕಕ್ಕೆ ಸರಿದು ಹೊಗೆಗೆ ದಾರಿ ಬಿಟ್ಟಿತು. "ಅಕ್ಕನಿಗೆ ಮೊದಲು" ಎಂದಿತು.